ಬೆಂಕಿ ಹಚ್ಚಿದರೆ ತಣ್ಣಗಾಗುವ ಫ್ರಿಜ್: ಹಳೇ ವಿನ್ನೆಬೇಗೊದಲ್ಲಿ ಒಂದು ಬೇಸಿಗೆ

ಅವಸರದವರು ಈ ಫ್ರಿಜ್ ತಂಟೆಗೆ ಹೋಗಬೇಡಿ. ಸಂಜೆ ಹಚ್ಚಿದರೆ ತಣ್ಣಗಾಗುವುದು ಮಾರನೇ ಬೆಳಿಗ್ಗೆ. ಆದರೆ ಕರೆಂಟೇ ಇಲ್ಲದ ಕ್ಯಾಂಪ್‌ಗ್ರೌಂಡ್‌ನಲ್ಲಿ ಎರಡು ಮೂರು ದಿನ ಗಾಡಿ ನಿಲ್ಲಿಸಿ, ಊಟಕ್ಕೆ ಹುಳಿಯಾಗದ ಮೊಸರು ಬೇಕು ಅನ್ನುವವರಿಗೆ ಇದೇ ಸರಿ. ಮಿಶಿಗನ್‌ನಲ್ಲಿ ಬೇಸಿಗೆ ಪೂರ್ತಿ ಬಳಸಿ ಹೇಳುತ್ತಿದ್ದೇನೆ.

ನಮ್ಮ ಗಾಡಿ 1977ರ ವಿನ್ನೆಬೇಗೊ ಬ್ರೇವ್, ಒಳಗೇ ಅಡುಗೆ, ಮಲಗುವ ವ್ಯವಸ್ಥೆ ಇರುವ ಮೋಟರ್‌ಹೋಮ್. ಅದರೊಳಗಿನ ಡೊಮೆಟಿಕ್ ಫ್ರಿಜ್ ಕೂಡ ಹೆಚ್ಚುಕಮ್ಮಿ ಅದೇ ವಯಸ್ಸಿನದು. ಕಂಪ್ರೆಸರ್ ಇಲ್ಲ, ಗುಂಯ್ ಅನ್ನುವ ಸದ್ದಿಲ್ಲ. ಹಿಂದುಗಡೆ ಒಂದು ಸಣ್ಣ ಗ್ಯಾಸ್ ಉರಿ, ಅಷ್ಟೇ. ಆ ಉರಿ ಬಾಯ್ಲರ್‌ನಲ್ಲಿರುವ ಅಮೋನಿಯ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯ ಆವಿಯಾಗಿ ಮೇಲೇರಿ, ಹಿಂದಿನ ಕೊಳವೆಗಳಲ್ಲಿ ಬಿಸಿ ಕಳೆದುಕೊಂಡು ದ್ರವವಾಗುತ್ತದೆ. ಫ್ರೀಜರ್ ಹತ್ತಿರ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಆಮೇಲೆ ನೀರಿಗೆ ಸೇರಿ ವಾಪಸ್ ಬಾಯ್ಲರ್‌ಗೆ. 1922ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಓದುತ್ತಿದ್ದ ಬಾಲ್ಟ್ಸಾರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಹುಡುಗರು ಹುಡುಕಿದ ಉಪಾಯ ಇದು. 1925ರಲ್ಲಿ ಎಲೆಕ್ಟ್ರೊಲಕ್ಸ್ ಕಂಪನಿ ಅದನ್ನು ಕೊಂಡುಕೊಂಡಿತು. ಇವತ್ತಿನ ಗ್ಯಾಸ್ ಫ್ರಿಜ್‌ಗಳಲ್ಲೂ ನಡೆಯುವುದು ಇದೇ.

ಗಾಡಿ ಮನೆಗೆ ಬಂದ ಹೊಸದರಲ್ಲಿ ಎಷ್ಟು ಹೊತ್ತು ನಾಬ್ ಒತ್ತಿ ಹಿಡಿದರೂ ಉರಿ ನಿಲ್ಲುತ್ತಿರಲಿಲ್ಲ. ನನ್ನ ಹೆಂಡತಿ ಅದರಲ್ಲಿ ಟವೆಲ್ ಜೋಡಿಸಿಟ್ಟು, "ರೀ, ಇದು ಫ್ರಿಜ್ಜೋ ಬೀರುವೋ?" ಅಂದಳು. ಹತ್ತಿರದ ರಿಪೇರಿ ಅಂಗಡಿಯವರು ಗಾಡಿ ಹತ್ತಿಯೂ ನೋಡಲಿಲ್ಲ. ಇಷ್ಟು ಹಳೇದನ್ನು ಯಾರೂ ಮುಟ್ಟಲ್ಲ, ಹೊಸದು ಹಾಕಿಸಿ ಅಂದರು. ಹೊಸದೆಂದರೆ ಸಾವಿರ ಡಾಲರ್ ಮೇಲೆ, ಕೂಲಿ ಬೇರೆ.

ಹೊಸದಕ್ಕೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿ. ಹಿಂದಿನ ಕೊಳವೆಗಳ ಮೇಲೆ ಹಳದಿ ಪುಡಿ ಇದೆಯಾ, ಅಮೋನಿಯ ವಾಸನೆ ಮೂಗಿಗೆ ಬಡಿಯುತ್ತಾ ನೋಡಿ. ಆ ಪುಡಿ ಸೋಡಿಯಂ ಕ್ರೋಮೇಟ್. ಕೊಳವೆ ಒಳಗೆ ತುಕ್ಕು ಹಿಡಿಯದಿರಲಿ ಅಂತ ಹಾಕಿರುತ್ತಾರೆ, ಅದು ಹೊರಗೆ ಕಂಡರೆ ಕೊಳವೆ ಸೋರಿದೆ ಅಂತ ಅರ್ಥ. ವಿಷ, ಬರಿಗೈಯಲ್ಲಿ ಮುಟ್ಟಬೇಡಿ. ಸೋರಿಕೆ ಇಲ್ಲದಿದ್ದರೆ ಗ್ಯಾಸ್ ಮರೆತು, 120 ವೋಲ್ಟ್ ಕರೆಂಟ್‌ಗೆ ಹಾಕಿ ಒಂದು ರಾತ್ರಿ ಬಿಡಿ. ಕರೆಂಟ್‌ನಲ್ಲಿ ಕಾಯುವುದು ಅದೇ ಬಾಯ್ಲರ್, ಉರಿಯ ಬದಲು ಹೀಟರ್ ಕಡ್ಡಿ. ನಮ್ಮದು ಬೆಳಿಗ್ಗೆ ನೋಡಿದರೆ ಫ್ರೀಜರ್‌ನಲ್ಲಿಟ್ಟ ಲೋಟದ ನೀರು ಕಲ್ಲಾಗಿತ್ತು! ಅಂದಮೇಲೆ ಅಮೋನಿಯ ಇರುವ ಭಾಗ ಗಟ್ಟಿಮುಟ್ಟು, ತಕರಾರು ಬರೀ ಬರ್ನರ್ ಕಡೆಯದು. ಈ ಒಂದು ಪರೀಕ್ಷೆಯಿಂದಲೇ ಸಾವಿರ ಡಾಲರ್ ಉಳಿಯಿತು.

ಸಿಲಿಂಡರ್ ಬಂದ್ ಮಾಡಿ ಹೊರಗಿನ ಜಾಲರಿ ಬಾಗಿಲು ತೆಗೆದೆ. ಬರ್ನರ್ ಮೇಲೆ ಚಿಟಿಕೆಯಷ್ಟಲ್ಲ, ಒಂದು ಹಿಡಿ ತುಕ್ಕಿನ ಚಕ್ಕೆ. ಮೇಲಿನ ಚಿಮಣಿಯಿಂದ ವರ್ಷಗಟ್ಟಲೆ ಉದುರಿದ್ದು. ಗ್ಯಾಸ್ ಬರುವ ಕೊಳವೆಯ ಬಾಯಲ್ಲಿ ಜೇಡ ಬೆಳ್ಳಗೆ ಗೂಡು ಕಟ್ಟಿತ್ತು. ಇದು ನಮ್ಮ ಗಾಡಿಯೊಂದರ ಕಥೆಯಲ್ಲ, ಪ್ರೊಪೇನ್ ಬರ್ನರ್‌ಗಳಲ್ಲಿ ಜೇಡ ಮಾಮೂಲಿ. ಚಿಮಣಿಯೊಳಗೆ ತಂತಿಗೆ ನೇತುಹಾಕಿದ ತಿರುಚಿದ ತಗಡಿನ ಪಟ್ಟಿ ಇರುತ್ತದೆ. ಬಿಸಿ ಸೀದಾ ಮೇಲೆ ಹೋಗದಂತೆ ತಡೆಯುವುದು ಅದೇ. ಅದನ್ನು ಎಳೆದು ಚಿಮಣಿಗೆ ಉದ್ದನೆ ಬ್ರಷ್ ಹಾಕಿ ಉಜ್ಜಿದೆ. ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಜೆಟ್ಟನ್ನು ಬಿಚ್ಚಿ ಆಲ್ಕೋಹಾಲ್‌ನಲ್ಲಿ ನೆನೆಸಿ ಒಣಗಿಸಿದೆ. ಪಿನ್ನು, ಸೂಜಿ ತೂರಿಸಲೇಬೇಡಿ. ಆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಉರಿ ಕೆಡುತ್ತದೆ. ಥರ್ಮೋಕಪಲ್ (ಉರಿಯ ಬಿಸಿ ಇರುವ ತನಕ ಗ್ಯಾಸ್ ತೆರೆದಿಡುವ ಕಡ್ಡಿ) ಹೊಸದು ಹಾಕಿದೆ, ಊಟದ ಖರ್ಚಿಗಿಂತ ಕಮ್ಮಿ. ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು ಹಚ್ಚಿದಾಗ ಉರಿ ನೀಲಿಯಾಗಿ, ಅಲುಗದೆ ನಿಂತಿತು. ಹಳದಿ ಉರಿ ಬಂದರೆ ಆರಿಸಿ ಮತ್ತೆ ನೋಡಿ, ಮಸಿ ಕಟ್ಟುತ್ತದೆ. ಗಾಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಗ್ಯಾಸ್ ಫ್ರಿಜ್ ಹಚ್ಚಿ ಮಲಗಬೇಡಿ.

ಇನ್ನು ಮಟ್ಟದ ವಿಷಯ. ಒಳಗೆ ಪಂಪು ಗಿಂಪು ಏನಿಲ್ಲ, ದ್ರವ ಇಳಿಜಾರಿಗೆ ತಾನಾಗಿ ಹರಿಯಬೇಕು. ಗಾಡಿ ವಾಲಿ ನಿಂತರೆ ದ್ರವ ಎಲ್ಲೋ ನಿಂತುಬಿಡುತ್ತದೆ, ಬಾಯ್ಲರ್ ಒಣಗಿ ಸುಡುತ್ತದೆ. ಹಾಗೇ ಬಿಟ್ಟರೆ ಕೊಳವೆ ಶಾಶ್ವತವಾಗಿ ಕಟ್ಟಿಕೊಳ್ಳುತ್ತದೆ. ಹಳೇ ಫ್ರಿಜ್‌ಗಳು ಇದರಲ್ಲಿ ಭಾರೀ ಕಟ್ಟುನಿಟ್ಟು. ಗಾರೆಯವರ ರಸಮಟ್ಟ ಒಂದನ್ನು ಫ್ರೀಜರ್ ತಳದಲ್ಲಿಟ್ಟು, ಗುಳ್ಳೆ ನಡುವೆ ಬರುವ ತನಕ ಚಕ್ರದ ಕೆಳಗೆ ಹಲಗೆ ಕೊಡುತ್ತೇನೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ಪಕ್ಕದ ಸೈಟಿನಲ್ಲಿ ಗಾಡಿ ನಿಲ್ಲಿಸಿದವರು ಕುರ್ಚಿ ಹಾಕಿ ಕಾಫಿ ಕುಡಿಯುತ್ತಾ ನೋಡುತ್ತಾರೆ, ನೋಡಲಿ ಬಿಡಿ.

ಬಿಸಿ ಗಾಳಿ ಮೇಲಿನಿಂದ ಹೊರಗೆ ಹೋಗದಿದ್ದರೂ ಇದು ಸೋಲುತ್ತದೆ. ಛಾವಣಿಯ ಕಿಂಡಿಯಲ್ಲಿದ್ದ ಹಳೇ ಹಕ್ಕಿಗೂಡು ತೆಗೆದು, ಹಿಂದಿನ ಕೊಳವೆಗಳ ಕೆಳಗೆ ಕಂಪ್ಯೂಟರ್‌ನ 12 ವೋಲ್ಟ್ ಫ್ಯಾನ್ ಒಂದನ್ನು ಮೇಲ್ಮುಖವಾಗಿ ಕೂರಿಸಿದೆ. ಮಧ್ಯಾಹ್ನದ ಹೊತ್ತು ಇದರ ಗುಣ ಚೆನ್ನಾಗಿ ಗೊತ್ತಾಯಿತು.

ನಿಜವಾದ ಪರೀಕ್ಷೆ ಮಿಶಿಗನ್ ಸರೋವರದ ದಂಡೆಯಲ್ಲಿರುವ ಸ್ಲೀಪಿಂಗ್ ಬೇರ್ ಡ್ಯೂನ್ಸ್‌ನ ಡಿ. ಎಚ್. ಡೇ ಕ್ಯಾಂಪ್‌ಗ್ರೌಂಡ್‌ನಲ್ಲಿ. ಅಲ್ಲಿ ಸೈಟಿಗೆ ಕರೆಂಟ್ ಇಲ್ಲ. ಹಾಲು, ಮೊಸರು, ದೋಸೆ ಹಿಟ್ಟು, ಕೊತ್ತಂಬರಿ ಎಲ್ಲ ಮನೆ ಫ್ರಿಜ್‌ನಲ್ಲಿ ತಣ್ಣಗೆ ಮಾಡಿಯೇ ತುಂಬಿದ್ದೆವು. ಬೆಚ್ಚಗಿನ ಸಾಮಾನು ತುಂಬಿದರೆ ಇದು ಸುಧಾರಿಸಿಕೊಳ್ಳಲು ಅರ್ಧ ದಿನ ಬೇಕು. ಬೆಳಿಗ್ಗೆ ಒಳಗೆ 37 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 3 ಸೆಲ್ಸಿಯಸ್) ತೋರಿಸುತ್ತಿತ್ತು. ದೋಸೆ ಹಿಟ್ಟು ಉಬ್ಬಿ ಡಬ್ಬಿಯ ಮುಚ್ಚಳ ಎತ್ತಲಿಲ್ಲ, ನಮ್ಮನೆಯಲ್ಲಿ ಅದೇ ಸರ್ಟಿಫಿಕೇಟ್.

ದೂರುಗಳೂ ಇವೆ. ಹೊರಗೆ 90 ಡಿಗ್ರಿ ದಾಟಿದ ದಿನ ಒಳಗೆ 44ಕ್ಕೆ ಏರಿತು. 40ರ ಮೇಲೆ ಹಾಲು, ಮೀನು ಇಡಬಾರದು, ಆ ದಿನ ಐಸ್ ಪೆಟ್ಟಿಗೆಯೇ ಗತಿ. ಐದೂವರೆ ಸಾವಿರ ಅಡಿಗಿಂತ ಎತ್ತರದಲ್ಲಿ ಗ್ಯಾಸ್ ಉರಿ ಸರಿಯಾಗಿ ಉರಿಯದೆ ಹೋಗಬಹುದು, ಕೊಲರಾಡೊ ಬೆಟ್ಟಕ್ಕೆ ಹೋಗುವವರು ಕರೆಂಟ್ ಇರುವ ಸೈಟ್ ಹಿಡಿಯಿರಿ. ಪೆಟ್ರೋಲ್ ಬಂಕ್‌ಗೆ ನುಗ್ಗುವ ಮುಂಚೆ ಪ್ರತಿ ಸಲ ಉರಿ ಆರಿಸಬೇಕು. ಅದು ಕಿರಿಕಿರಿಯೇ, ಆದರೆ ಅದರಲ್ಲಿ ಚೌಕಾಸಿ ಇಲ್ಲ.

ನಿಮ್ಮದರಲ್ಲಿ ಹಳದಿ ಪುಡಿ ಕಂಡಿದ್ದರೆ ಬೆಸುಗೆ ಗಿಸುಗೆ ಅಂತ ಹೋಗಬೇಡಿ, ಒಳಗೆ ಹೈಡ್ರೋಜನ್ ಇದೆ. ಉತ್ತರ ಇಂಡಿಯಾನಾದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದ ಜನ ನಡೆಸುವ ಅಂಗಡಿಗಳಲ್ಲಿ ಹಿಂದಿನ ಕೊಳವೆ ಭಾಗವನ್ನು ಪೂರ್ತಿ ಹೊಸದಾಗಿ ಕಟ್ಟಿಕೊಡುತ್ತಾರೆ. ಕರೆಂಟ್ ಲೈನ್ ಎಳೆಸಿಕೊಳ್ಳದ ಅವರ ಮನೆಗಳಲ್ಲೂ ಗ್ಯಾಸ್ ಫ್ರಿಜ್ ಇರುವುದರಿಂದ ಈ ಕೆಲಸ ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಲೆಕ್ಕದಲ್ಲಿ 5ಕ್ಕೆ 4. ಬಾಗಿಲಿಗೆ ಡಾಲರ್ ನೋಟು ಸಿಕ್ಕಿಸಿ ಎಳೆದರೆ ಕೆಳಮೂಲೆಯಲ್ಲಿ ಇನ್ನೂ ಸಲೀಸಾಗಿ ಬರುತ್ತದೆ. ಅಂದರೆ ಅಲ್ಲಿ ಬಾಗಿಲು ಬಿಗಿಯಾಗಿ ಕೂರುತ್ತಿಲ್ಲ. ರಬ್ಬರ್ ಗಡಸಾಗಿದೆ, ಚಳಿಗಾಲದಲ್ಲಿ ಬದಲಾಯಿಸಬೇಕು.