ಸೆಕಾನಿಕ್ ಎಲ್-308ಎಸ್ ಲೈಟ್ ಮೀಟರ್: ಆರು ವರ್ಷ ಬಳಸಿದ ಮೇಲೆ

ನನ್ನ ಹಳೆಯ ಫಿಲ್ಮ್ ಕ್ಯಾಮೆರಾ ಯಾಶಿಕಾ ಮ್ಯಾಟ್-124ಜಿಯಲ್ಲೇ ಬೆಳಕು ಅಳೆಯುವ ಒಂದು ಮೀಟರ್ ಇದೆ. ಆದರೆ ಅದಕ್ಕೆ 1.35 ವೋಲ್ಟ್‌ನ ಪಾದರಸದ ಸೆಲ್ ಬೇಕು. ಆ ಸೆಲ್ ಈಗ ಸಿಗುವುದಿಲ್ಲ. 1.5 ವೋಲ್ಟ್‌ನದು ಹಾಕಿದರೆ ಮುಳ್ಳೇನೋ ಆಡುತ್ತದೆ, ಲೆಕ್ಕ ಮಾತ್ರ ತಪ್ಪು. ಅದಕ್ಕೇ ಕೈಯಲ್ಲಿ ಹಿಡಿಯುವ ಈ ಸೆಕಾನಿಕ್ ಮೀಟರ್ ಕೊಂಡೆ, ಸೆಕೆಂಡ್ ಹ್ಯಾಂಡ್. ಅಂಗಿ ಜೇಬಲ್ಲಿ ಕೂರುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ಒಂದು ಸಾಕು.

ಮೊದಮೊದಲು ಇದನ್ನು ಸುಮ್ನೆ ಎದುರಿಗೆ ಹಿಡಿದು ಒತ್ತುತ್ತಿದ್ದೆ. ಬೇಲೂರಿನಲ್ಲಿ ಪಾಠವಾಯಿತು. ಸೋದರಮಾವ ಬಿಳಿ ಪಂಚೆ ಉಟ್ಟು ದೇವಸ್ಥಾನದ ಕಪ್ಪು ಗೋಡೆ ಮುಂದೆ ನಿಂತಿದ್ದರು. ನಾನು ಅಳೆದದ್ದು ಗೋಡೆಯನ್ನು. ಹಾಗೆ ಹಿಡಿದಾಗ ಮೀಟರ್‌ಗೆ ಕಪ್ಪೂ ಬೂದು, ಬಿಳಿಯೂ ಬೂದು. ಕಪ್ಪು ಕಲ್ಲನ್ನು ಬೂದು ಮಾಡಲು ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬೆಳಕು ಹೇಳಿತು. ಸ್ಲೈಡ್ ಫಿಲ್ಮ್ ಬೇರೆ, ಅಷ್ಟು ತಪ್ಪನ್ನು ಅದು ತಾಳುವುದಿಲ್ಲ. ಪಂಚೆಯ ಒಂದು ನೆರಿಗೆಯೂ ಕಾಣಲಿಲ್ಲ.

ಈಗ ಮೀಟರಿನ ಬಿಳಿ ಗುಮ್ಮಟವನ್ನು ಅದರ ಕಣ್ಣಿನ ಮುಂದಕ್ಕೆ ಸರಿಸಿ, ಫೋಟೋಗೆ ನಿಂತವರ ಮುಖದ ಹತ್ತಿರ ಹೋಗಿ, ಗುಮ್ಮಟ ಕ್ಯಾಮೆರಾ ಕಡೆ ನೋಡುವಂತೆ ಹಿಡಿಯುತ್ತೇನೆ. ಆಗ ಅದು ಅಳೆಯುವುದು ಅವರ ಮೇಲೆ ಬೀಳುವ ಬೆಳಕನ್ನು. ಪಂಚೆ ಬಿಳಿಯಾಗಿ, ಕಲ್ಲು ಕಪ್ಪಾಗಿ ಬರುತ್ತದೆ. ಮೊದಲ ಸಲ ಗದ್ದದ ಕೆಳಗೆ ಹಿಡಿದಾಗ ಮಾವ, "ಏನೋ, ಜ್ವರ ನೋಡ್ತಿದ್ದೀಯಾ?" ಅಂದರು.

ಎಲ್ಲ ಕಡೆ ಹಾಗೆ ಹತ್ತಿರ ಹೋಗಲು ಆಗುವುದಿಲ್ಲ ಅಲ್ವಾ? ಮುಳ್ಳಯ್ಯನಗಿರಿಯ ಸಾಲನ್ನು ದೂರದಿಂದ ತೆಗೆಯುವಾಗ, ಬೆಟ್ಟಕ್ಕೂ ನನಗೂ ಒಂದೇ ಬಿಸಿಲಿದ್ದರೆ ನಿಂತಲ್ಲೇ ಅಳೆಯುತ್ತೇನೆ. ಮೋಡ ಓಡಾಡುತ್ತಿದ್ದರೆ ಅದೂ ಕೆಡುತ್ತದೆ. ಎದುರಿಗೆ ಹಿಡಿದು ಅಳೆದರೆ ಇದರ ನೋಟ 40 ಡಿಗ್ರಿಯಷ್ಟು ಅಗಲ, ಆಕಾಶವೂ ಒಳಗೆ ನುಗ್ಗುತ್ತದೆ. ಮೀಟರನ್ನು ಸ್ವಲ್ಪ ನೆಲದ ಕಡೆ ಬಾಗಿಸಬೇಕು. ಪರದೆಗೆ ದೀಪವಿಲ್ಲ. ರಾತ್ರಿ ಯಕ್ಷಗಾನಕ್ಕೆ ಹೋದಾಗ ಬೆಳಕು ಅಳೆಯುವ ಯಂತ್ರವನ್ನು ಮೊಬೈಲ್ ಟಾರ್ಚ್ ಹಾಕಿ ಓದುತ್ತೇನೆ!

ಲೆನ್ಸ್‌ಗೆ ಹಳದಿ ಫಿಲ್ಟರ್ ಹಾಕಿದ್ದು, ಅದು ಬೆಳಕು ತಿನ್ನುವುದು ಇದಕ್ಕೆ ಗೊತ್ತಾಗುವುದಿಲ್ಲ. 400ರ ಫಿಲ್ಮ್‌ಗೆ ಮೀಟರಿನಲ್ಲಿ ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 200 ಇಟ್ಟು ಒಂದು ಸ್ಟಾಪ್ ಸರಿದೂಗಿಸುತ್ತೇನೆ. ಒಮ್ಮೆ ಫಿಲ್ಟರ್ ತೆಗೆದವನು 200ನ್ನು ಹಾಗೇ ಬಿಟ್ಟೆ. ರೋಲಿನ ಹನ್ನೆರಡೂ ಫ್ರೇಮ್ ಒಂದು ಸ್ಟಾಪ್ ಜಾಸ್ತಿ. ಇಂಥ ತಪ್ಪು ತಾಳುವ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಆಗಿದ್ದಕ್ಕೆ ಬಚಾವ್.

ಮೊಬೈಲ್ ಆ್ಯಪ್ ಸಾಲದೇ ಎಂದು ಕೇಳುವವರಿದ್ದಾರೆ. ನನ್ನ ಫೋನಿನ ಆ್ಯಪ್ ಹೆಚ್ಚಾಗಿ ಅರ್ಧ ಸ್ಟಾಪ್ ಒಳಗೇ ಇರುತ್ತದೆ, ದುಡ್ಡೂ ಇಲ್ಲ. ಆದರೆ ಫೋನ್ ತೆಗೆದರೆ ವಾಟ್ಸಾಪ್ ನೋಡದೆ ವಾಪಸ್ ಇಡುವ ಜಾತಿ ನನ್ನದಲ್ಲ. ಕ್ಯಾಮೆರಾದ ಮೀಟರ್ ಸರಿ ಇದ್ದರೆ, ಉದಾಹರಣೆಗೆ ನಿಕಾನ್ ಎಫ್‌ಎಂ2 ಇದ್ದರೆ, ಇದಕ್ಕೆ ದುಡ್ಡು ಹಾಕುವ ಅವಸರ ಬೇಡ. ಮೀಟರ್ ಸತ್ತ ಕ್ಯಾಮೆರಾ ಇದ್ದವರು ಕೊಳ್ಳಿ.

ಇತ್ತೀಚೆಗೆ ಒಂದು ಆಟ ಶುರುವಾಗಿದೆ. ಗುಂಡಿ ಒತ್ತುವ ಮೊದಲು ನಾನೇ ಊಹಿಸುವುದು. ನೆತ್ತಿ ಸುಡುವ ಬಿಸಿಲು, 400ರ ಫಿಲ್ಮ್: ಲೆನ್ಸ್ ಕಿಂಡಿ ಎಫ್16, ಶಟರ್ 1/500 ಸೆಕೆಂಡ್. ಬಿಸಿಲಲ್ಲಿ ನಾನು ಹೇಳಿದ್ದು ಹೆಚ್ಚಾಗಿ ಸರಿಹೋಗುತ್ತದೆ. ಜಗಲಿಯ ನೆರಳಿಗೆ ಬಂದರೆ ಈಗಲೂ ಮೀಟರೇ ಗೆಲ್ಲುತ್ತದೆ.