ದಿನಾ ಬಿಡಿಸೋಕೆ ಯಾವ ಪದಬಂಧ: ಕನ್ನಡದ್ದೋ, ನ್ಯೂಯಾರ್ಕ್ ಟೈಮ್ಸಿನದೋ, ಹಿಂದೂವಿನದೋ?

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಒಂದೇ ಒಂದು ಪದಬಂಧಕ್ಕೆ ಪುರುಸೊತ್ತು ಇದೆ, ಇಂಗ್ಲಿಷ್ ಓದಿ ಅಭ್ಯಾಸ ಇದೆ ಅನ್ನುವವರು ‘ದಿ ಹಿಂದೂ’ ಪತ್ರಿಕೆಯ ಕ್ರಿಪ್ಟಿಕ್ ಕ್ರಾಸ್‌ವರ್ಡ್, ಅಂದರೆ ಸುಳಿವನ್ನೇ ಒಗಟಾಗಿ ಕಟ್ಟಿದ ಪದಬಂಧ, ಹಿಡಿಯಿರಿ. ಕಳೆದ ಮಳೆಗಾಲದಿಂದ ಮೂರನ್ನೂ ಜೊತೆಜೊತೆಗೆ ಬಿಡಿಸುತ್ತಾ ಬಂದಿದ್ದೇನೆ. ಬೆಳಗ್ಗೆ ಕಾಫಿ ಜೊತೆ ಕನ್ನಡ ಪತ್ರಿಕೆಯದು, ಊಟದ ಹೊತ್ತಿಗೆ ಹಿಂದೂ, ರಾತ್ರಿ ಮೊಬೈಲಿನಲ್ಲಿ ನ್ಯೂಯಾರ್ಕ್ ಟೈಮ್ಸ್. ಮೂರರಲ್ಲೂ ನಾನು ನೋಡಿದ್ದು ಒಂದೇ ಪ್ರಶ್ನೆ: ಬರೆದ ಉತ್ತರ ಸರಿ ಅಂತ ನನಗೆ ಗೊತ್ತಾಗುವುದು ಹೇಗೆ? ನನ್ನ ಮಟ್ಟಿಗೆ ಪದಬಂಧದ ಸುಖವೆಲ್ಲ ಆ ಗಳಿಗೆಯಲ್ಲೇ ಇದೆ.

ಕನ್ನಡದ್ದನ್ನೇ ಮೊದಲು ನೋಡೋಣ. ‘ಎಡದಿಂದ ಬಲಕ್ಕೆ’ಯಲ್ಲಿ ಒಂದು ಸುಳಿವು: ‘ಅರ್ಜುನ (3)’. ತಕ್ಷಣ ಹೊಳೆಯುವುದು ಕಿರೀಟಿ. ಆದರೆ ಫಲ್ಗುಣನಿಗೂ ಮೂರೇ ಮನೆ, ವಿಜಯನಿಗೂ ಮೂರೇ. ‘ನೀರು (2)’ ಅಂದರೆ ಜಲ, ವಾರಿ, ತೋಯ, ಅಂಬು. ಯಾವುದನ್ನು ಬರೆಯುವುದು? ಮೇಲಿಂದ ಇಳಿಯುವ ಪದ ನಡುವಿನ ಮನೆಗೆ ‘ಜ’ ತಂದುಕೊಟ್ಟರೆ ವಿಜಯ ಗಟ್ಟಿ. ‘ರೀ’ ಬಂದರೆ ಕಿರೀಟಿ. ಏನೂ ಬರದಿದ್ದರೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟು ನಾಳೆಯ ಪತ್ರಿಕೆಗೆ ಕಾಯಬೇಕು.

ಹೀಗೆ ಕಾಯಬೇಕಾಗಿ ಬರುವುದು ನಮ್ಮ ಲಿಪಿಯ ಗುಣದಿಂದ. ಒಂದು ಮನೆಗೆ ಒಂದು ಪೂರ್ತಿ ಅಕ್ಷರ, ಗುಣಿತ ಒತ್ತು ಎಲ್ಲ ಸೇರಿಸಿ. ‘ಸ್ತ್ರೀ’ ಅನ್ನುವುದು ಒಂದೇ ಮನೆ. ‘ಸ್ವಾತಂತ್ರ್ಯ’ ಮೂರರಲ್ಲಿ ಮುಗಿಯುತ್ತದೆ. ಎರಡು ಪದ ಒಂದು ಮನೆಯಲ್ಲಿ ಕೂಡಬೇಕಾದರೆ ವ್ಯಂಜನ ಒಂದೇ ಆದರೆ ಸಾಲದು, ಸ್ವರವೂ ಒಂದೇ ಆಗಬೇಕು. ‘ರಿ’ ಇರುವಲ್ಲಿ ‘ರೀ’ ಕೂರುವುದಿಲ್ಲ. ಇಪ್ಪತ್ತಾರೇ ಅಕ್ಷರ ಇಟ್ಟುಕೊಂಡ ಇಂಗ್ಲಿಷಿಗೆ ಈ ಕಷ್ಟವಿಲ್ಲ. ಅದಕ್ಕೇ ಕನ್ನಡದ ಚೌಕದಲ್ಲಿ ಕೂಡುಮನೆಗಳು ಕಡಿಮೆ, ಕಪ್ಪು ಮನೆಗಳು ಜಾಸ್ತಿ. ಇಷ್ಟು ಕಷ್ಟದ ಲಿಪಿಯಲ್ಲಿ ಕೋಲಾರ ಜಿಲ್ಲೆಯ ಅ.ನಾ. ಪ್ರಹ್ಲಾದ ರಾವ್ ಸಾವಿರಾರು ಪದಬಂಧ ರಚಿಸಿ ಲಿಮ್ಕಾ ದಾಖಲೆ ಪುಸ್ತಕಕ್ಕೂ ಸೇರಿದರು. ಖಾಲಿ ಹಾಳೆಯ ಮೇಲೆ ಒಂದು ಚೌಕ ಹಾಕಿ ನೋಡಿ, ಅದು ಎಂಥ ಕೆಲಸ ಅಂತ ಗೊತ್ತಾಗುತ್ತದೆ.

ನನ್ನ ದೂರು ಚೌಕದ ಬಗ್ಗೆ ಅಲ್ಲ, ಸುಳಿವಿನ ಬಗ್ಗೆ. ನಾನು ಬಿಡಿಸಿದ ಕನ್ನಡ ಪದಬಂಧಗಳಲ್ಲಿ ಹೆಚ್ಚಿನ ಸುಳಿವುಗಳು ಒಂದು ಪದಕ್ಕೆ ಇನ್ನೊಂದು ಸಮಾನ ಪದ, ಅಷ್ಟೇ. ಪುರಾಣದ ಹೆಸರು, ಗಾದೆಯ ಬಿಟ್ಟುಹೋದ ಪದ ಬಂದ ದಿನ ಖುಷಿ. ಪದಸಂಪತ್ತು ಬೆಳೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸೋಕೆ ಇದನ್ನು ಮೀರಿಸಿದ್ದಿಲ್ಲ. ಸವ್ಯಸಾಚಿ ಯಾರು ಅಂತ ಮಗು ಕೇಳಿದರೆ ಅಲ್ಲೇ ಒಂದು ಕಥೆ ಶುರುವಾಗುತ್ತದೆ.

ಇನ್ನು ನ್ಯೂಯಾರ್ಕ್ ಟೈಮ್ಸ್. ಕ್ರಾಸ್‌ವರ್ಡ್ ಹುಟ್ಟಿದ್ದೇ ಆ ಊರಲ್ಲಿ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ವಜ್ರದಾಕಾರದ ಮೊದಲ ಪದಬಂಧ ಹಾಕಿದರು. ಟೈಮ್ಸ್ ಮಾತ್ರ ಬಹಳ ವರ್ಷ ಇದನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಪರ್ಲ್ ಹಾರ್ಬರ್ ದಾಳಿಯ ನಂತರ, 1942ರಲ್ಲಿ, ಯುದ್ಧದ ಸುದ್ದಿಯಿಂದ ಬೇಸತ್ತ ಓದುಗರಿಗೆ ಬೇಕು ಅನಿಸಿ ಭಾನುವಾರಕ್ಕೆ ಶುರು ಮಾಡಿತು. ಪ್ರತಿದಿನ ಬರತೊಡಗಿದ್ದು 1950ರಲ್ಲಿ. ಸೋಮವಾರ ಸಲೀಸು, ದಿನ ಕಳೆದ ಹಾಗೆ ಬಿಗಿ, ಶನಿವಾರ ಎಲ್ಲಕ್ಕಿಂತ ಕಠಿಣ. ಗುರುವಾರ ಏನಾದರೂ ಚಮತ್ಕಾರ ಇದ್ದೇ ಇರುತ್ತದೆ. ಕೆಲವೊಮ್ಮೆ ಒಂದೇ ಮನೆಯಲ್ಲಿ ಇಡೀ ಪದ ತುಂಬಬೇಕು. ಕನ್ನಡದವರಿಗೆ ಅದೇನೂ ವಿಚಿತ್ರವಲ್ಲ, ನಾವು ದಿನಾ ‘ಸ್ತ್ರೀ’ಯನ್ನು ಒಂದೇ ಮನೆಯಲ್ಲಿ ಕೂರಿಸುವವರು.

ಇಲ್ಲಿ ಪ್ರತಿ ಅಕ್ಷರವೂ ಎರಡು ಪದಕ್ಕೆ ಸೇರಿರುತ್ತದೆ. ಒಂದು ಗೊತ್ತಿಲ್ಲದಿದ್ದರೂ ಅಡ್ಡ ಪದಗಳು ಅದನ್ನು ತಾವೇ ತುಂಬಿಕೊಡುತ್ತವೆ. ಎಲ್ಲ ಸರಿಯಾದರೆ ಆ್ಯಪ್‌ನಲ್ಲಿ ಒಂದು ಪುಟ್ಟ ಸಂಗೀತ ಕೇಳಿಸುತ್ತದೆ. ಆದರೆ ಇದು ಅಮೆರಿಕದವರ ಮನೆಯ ಮಾತು. ಬೇಸ್‌ಬಾಲಿನ ಮೆಲ್ ಆಟ್, ಐಸ್ ಹಾಕಿಯ ಬಾಬಿ ಓರ್, ಸಂಗೀತದ ಬ್ರಯಾನ್ ಈನೋ, ಓರಿಯೋ ಬಿಸ್ಕತ್ತು, ಈರಿ ಸರೋವರ. ಇವು ಮತ್ತೆ ಮತ್ತೆ ಬರುತ್ತವೆ, ಸ್ವರಾಕ್ಷರ ಜಾಸ್ತಿ ಇರುವ ಚಿಕ್ಕ ಹೆಸರುಗಳು ಚೌಕ ಕಟ್ಟೋಕೆ ಅನುಕೂಲ ಅಂತ. ಅದೇ ಕಾರಣಕ್ಕೆ ನಮ್ಮ ಸೀರೆ, ರಾಗ, ನಾನ್, ಆಗ್ರಾ ಕೂಡ ಅಲ್ಲಿ ಕಾಯಂ ನೆಂಟರು. ಮೆಲ್ ಆಟ್ ಬ್ಯಾಟು ಹಿಡಿದಿದ್ದನ್ನು ನಾನು ನೋಡಿಲ್ಲ, ಆದರೂ ಆ ಹೆಸರು ಈಗ ನಾಲಿಗೆ ತುದಿಯಲ್ಲಿದೆ. ಸಾಮಾನ್ಯ ಜ್ಞಾನದ ಹುಚ್ಚು ಇರುವವರಿಗೆ ಇದು ಹಬ್ಬ. ದುಡ್ಡು ಕೊಟ್ಟು ಚಂದಾದಾರರಾಗಬೇಕು, ಅದೊಂದು ಯೋಚನೆ. ಚಿಕ್ಕದಾದ ‘ಮಿನಿ’ ಮೊದಲು ಪುಕ್ಕಟೆ ಇತ್ತು, 2025ರಲ್ಲಿ ಅದೂ ಚಂದಾದೊಳಗೆ ಹೋಯಿತು.

ಈಗ ಹಿಂದೂ. ಇದರ ಸುಳಿವು ನೇರವಾಗಿ ಏನನ್ನೂ ಹೇಳುವುದಿಲ್ಲ. ಈ ಬಗೆ ಇಂಗ್ಲೆಂಡಿನಲ್ಲಿ ಬೆಳೆದದ್ದು. ಹೆಚ್ಚಿನ ಸುಳಿವುಗಳಲ್ಲಿ ಎರಡು ಭಾಗ. ಒಂದು ಕಡೆ ಉತ್ತರದ ಅರ್ಥ, ಇನ್ನೊಂದು ಕಡೆ ಅದೇ ಉತ್ತರವನ್ನು ಕಟ್ಟುವ ಅಕ್ಷರದಾಟ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅನ್ನುವುದೇ ಗುಟ್ಟು. ‘ಫ್ಲವರ್’ ಅಂತ ಓದಿ ಮಲ್ಲಿಗೆ ಸಂಪಿಗೆ ಹುಡುಕಬೇಡಿ, ಅದು ‘ಫ್ಲೋ’ ಆಗುವಂಥದ್ದು, ಅಂದರೆ ನದಿ. ಕೆಲವು ಸುಳಿವುಗಳು ಹೀಗೆ ಎರಡು ಭಾಗವಾಗದೆ, ಇಡಿಯಾಗಿ ದಾರಿ ತಪ್ಪಿಸುವ ಅರ್ಥವೇ ಆಗಿರುತ್ತವೆ. ಅಂಥವುಗಳಲ್ಲಿ ಹಳೆಯದೊಂದು ನನಗೆ ತುಂಬಾ ಇಷ್ಟ: ‘ಡೈ ಆಫ್ ಕೋಲ್ಡ್?’ ಮೂರು ಅಕ್ಷರದ ಒಂದು ಪದ, ನಾಲ್ಕು ಅಕ್ಷರದ ಇನ್ನೊಂದು. ಚಳಿಗೆ ಸಾಯುವುದು ಅಂದುಕೊಂಡರೆ ಕೆಟ್ಟಿರಿ. ‘ಡೈ’ ಅಂದರೆ ದಾಳವೂ ಹೌದು. ತಣ್ಣಗಿನ ದಾಳ, ಐಸ್ ಕ್ಯೂಬ್!

ಉತ್ತರ ಹೊಳೆದ ಮೇಲೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಅಡ್ಡ ಪದದ ಸಾಕ್ಷಿ ಬೇಡ, ಆ್ಯಪ್‌ನ ಸಂಗೀತ ಬೇಡ, ನಾಳೆಯ ಪತ್ರಿಕೆ ಬೇಡ. ಸುಳಿವೇ ‘ಹೌದು, ಇದೇ’ ಅನ್ನುತ್ತದೆ. ಮಿಕ್ಕ ಎರಡರಲ್ಲಿ ಈ ಖಾತ್ರಿ ನನಗೆ ಸಿಗಲಿಲ್ಲ. ಇನ್ನೊಂದು ಸೊಗಸು, ಪದಬಂಧ ಕಟ್ಟಿದವರ ಗುಪ್ತನಾಮ ಚೌಕದ ಜೊತೆಗೇ ಇರುತ್ತದೆ. ಗ್ರಿಡ್‌ಮನ್, ಆರ್ಡೆನ್, ಇನ್‌ಕಾಗ್ನಿಟೊ ಹೀಗೆ. ದಿನಾ ಬಿಡಿಸುತ್ತಾ ಹೋದರೆ ಯಾರ ಸುಳಿವಿನ ಧಾಟಿ ಯಾವುದು ಅಂತ ತಿಳಿಯುತ್ತದೆ. ಹೊಸಬರಿಗೆ ಮೊದಲ ವಾರಗಳು ಕಷ್ಟ, ಚೌಕ ಖಾಲಿ ಉಳಿಯುತ್ತದೆ. ಮರುದಿನ ಉತ್ತರ ಕೈಯಲ್ಲಿ ಹಿಡಿದು ಪ್ರತಿ ಸುಳಿವೂ ಅಲ್ಲಿಗೆ ಹೇಗೆ ಬಂತು ಅಂತ ಹಿಂದಕ್ಕೆ ನಡೆದು ನೋಡಿ. ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಾಣೆ.

ಹಾಗಾದರೆ ಈ ಆಟ ಕನ್ನಡದಲ್ಲಿ ನಡೆಯುವುದಿಲ್ಲವೇ? ಯಾಕೆ ನಡೆಯಬಾರದು! ಹಿಂದೂ ಬಿಡಿಸಿದ ಕೈಗೆ ಸುಮ್ನೆ ಕೂರಲು ಆಗದೆ ನಾನೇ ಕೆಲವನ್ನು ಕಟ್ಟಿ ನೋಡಿದೆ. ‘ದಿನ ತಿರುಗಿ ಹರಿಯುವವಳು (2)’. ದಿನವನ್ನು ತಿರುಗಿಸಿದರೆ ನದಿ. ‘ರಾಮನಗರದ ಒಳಗೇ ಇರುವ ಚಿತ್ತ (2)’. ಊರಿನ ಹೆಸರೊಳಗೆ ಅಡಗಿ ಕೂತಿದೆ, ಮನ. ‘ವೃಕ್ಷ ಎಂದರಂತೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ (4)’. ಮರ, ಅಂತೆ, ಮರವಂತೆ. ಆ ಊರಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಮತ್ತೊಂದು ಪಕ್ಕ ಸೌಪರ್ಣಿಕಾ. ಹಿಂದೆ ಮುಂದೆ ಒಂದೇ ಥರ ಓದುವ ಪದಗಳಂತೂ ನಮ್ಮಲ್ಲಿ ಬೇಕಾದಷ್ಟಿವೆ: ಗದಗ, ಕುಟುಕು, ಕಿಟಕಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಿಟಕಿಯ ಸೊಗಸು ಹಾಳಾಗುತ್ತದೆ, ಕನ್ನಡದ ಮನೆಗಳಲ್ಲಿ ಮಾತ್ರ ಅದು ಸರಿಯಾಗಿ ಕೂರುತ್ತದೆ.

ಕನ್ನಡ ಪತ್ರಿಕೆಗಳ ಪದಬಂಧ ರಚಿಸುವವರಲ್ಲಿ ಒಂದೇ ಕೋರಿಕೆ. ಇಡೀ ಚೌಕ ಬೇಡ, ದಿನಕ್ಕೆ ಎರಡು ಸುಳಿವು ಹೀಗೆ ಕೊಡಿ. ಅಲ್ಲಿಯವರೆಗೆ ನನ್ನ ಲೆಕ್ಕ ಹೀಗಿದೆ: ಮನೆಮಂದಿಯ ಜೊತೆ ಕೂತಾಗ ಕನ್ನಡದ್ದು, ಪ್ರಯಾಣದಲ್ಲಿ ಟೈಮ್ಸಿನ ಸೋಮವಾರ ಮಂಗಳವಾರದ್ದು, ಒಬ್ಬನೇ ಇದ್ದು ತಲೆಗೆ ಕೆಲಸ ಬೇಕಾದಾಗ ಹಿಂದೂ. ಟೈಮ್ಸಿನ ಚಂದಾ ಮುಗಿದಾಗ ಮತ್ತೆ ಕಟ್ಟುವುದು ಅನುಮಾನ. ಮಿಕ್ಕ ಎರಡನ್ನು ಬಿಡುವುದಿಲ್ಲ.