ಒಂದು ಕಿಲೋ ವಿಂಗ್ಸ್‌ಗೆ ನಾಲ್ಕು ಲೀಟರ್ ಏರ್ ಫ್ರೈಯರ್ ಸಾಕೇ?

ಏರ್ ಫ್ರೈಯರ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಲೀಟರ್ ಅಂತ. ಚಿಕನ್ ವಿಂಗ್ಸ್ ಮಾಡುವವರು ಕೇಳಬೇಕಾದ್ದು ಬುಟ್ಟಿಯ ತಳ ಎಷ್ಟು ಅಗಲ ಅಂತ. ನಾಲ್ಕು, ನಾಲ್ಕೂವರೆ ಲೀಟರ್ ಎಂದು ಮಾರುವ ಬುಟ್ಟಿಯೊಳಗೆ ಸ್ಕೇಲ್ ಇಟ್ಟು ನೋಡಿ, ಹೆಚ್ಚುಕಡಿಮೆ 20 ಸೆಂ.ಮೀ. ಚೌಕ ಸಿಗುತ್ತದೆ. ಉಳಿದ ಲೀಟರೆಲ್ಲ ಎತ್ತರದಲ್ಲಿರುತ್ತದೆ, ಅದು ವಿಂಗ್ಸ್‌ಗೆ ಉಪಯೋಗವಿಲ್ಲ. ಒಂದರ ಮೇಲೊಂದು ಪೇರಿಸಿದರೆ ನಡುವಿನ ತುಂಡುಗಳು ಬೇಯುತ್ತವೆ, ಆದರೆ ಚರ್ಮ ಬಿಳಿಚಿಕೊಂಡು ರಬ್ಬರಿನಂತೆ ಎಳೆದು ಬರುತ್ತದೆ. ಒಂದೇ ಪದರದಲ್ಲಿ ಹಿಡಿಯುವುದು 12ರಿಂದ 14 ತುಂಡು, ಅಂದರೆ ಸುಮಾರು ಅರ್ಧ ಕಿಲೋ. ಐದು ಜನರ ಮನೆಗೆ ಒಂದು ಕಿಲೋ ಬೇಕು. ಹಾಗಾಗಿ ಎರಡು ಒಬ್ಬೆ ಖಂಡಿತ.

ಈ ಲೆಕ್ಕ ಒಪ್ಪಿಕೊಂಡವರಿಗೆ 1500 ವಾಟಿನ, ಬುಟ್ಟಿ ಮಾದರಿಯ ಏರ್ ಫ್ರೈಯರ್ ಕೆಲಸದ ದಿನದ ರಾತ್ರಿಯೂಟಕ್ಕೆ ಒಳ್ಳೆಯ ಆಳು. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ ಎಂದುಕೊಂಡು ತಂದವರಿಗೆ ಮಾತ್ರ ನಿರಾಸೆ.

ಯಂತ್ರಕ್ಕಿಂತ ಮೊದಲು ಕೋಳಿ ಅಂಗಡಿಯ ಮಾತು. ನಮ್ಮಲ್ಲಿ ಬಹಳ ಕಡೆ ಕೇಳದಿದ್ದರೆ ಸ್ಕಿನ್‌ಲೆಸ್ಸೇ ಕೊಡುತ್ತಾರೆ. ವಿಂಗ್ಸ್‌ಗೆ ‘ವಿತ್ ಸ್ಕಿನ್’ ಎಂದು ಮೊದಲೇ ಹೇಳಿ. ಚರ್ಮವಿಲ್ಲದ ರೆಕ್ಕೆ ಈ ಬಿಸಿಗಾಳಿಯಲ್ಲಿ ಒಣಗಿ ಕಟ್ಟಿಗೆಯಾಗುತ್ತದೆ; ಅದನ್ನು ಸಾರಿಗೆ ಹಾಕುವುದೇ ಮೇಲು. ಇನ್ನೊಂದು, ತುಂಡು ಮಾಡಲು ಮಚ್ಚು ಬೇಡ ಅನ್ನಿ. ದಿಮ್ಮಿಯ ಮೇಲಿಟ್ಟು ಒಂದೇಟು ಹಾಕಿದರೆ ಮೂಳೆ ಸೀಳಿ ಚೂರು ಉಳಿಯುತ್ತದೆ, ಮಜ್ಜೆ ಹೊರಬಂದು ಬೇಯುವಾಗ ಅಲ್ಲಲ್ಲಿ ಕಪ್ಪಾಗುತ್ತದೆ. ಇಡೀ ರೆಕ್ಕೆಯನ್ನೇ ತಂದು, ಕೀಲನ್ನು ಹಿಂದಕ್ಕೆ ಮಡಚಿ, ಬೆರಳಿಗೆ ಸಿಗುವ ಸಂದಿನಲ್ಲಿ ಚಾಕು ಆಡಿಸಿದರೆ ಮೂಳೆ ತಾಗದೆ ಬಿಡಿಸಿಕೊಳ್ಳುತ್ತದೆ. ಪುಟ್ಟ ಕಾಲಿನಂತಿರುವ ಡ್ರಮೆಟ್ ಒಂದು, ಎರಡು ಎಲುಬಿನ ಚಪ್ಪಟೆ ತುಂಡು ಒಂದು. ತುದಿಯನ್ನು ಸೂಪಿಗೆ ಎತ್ತಿಡಿ, ಬುಟ್ಟಿಯಲ್ಲಿ ಅದು ಬರೀ ಸೀಯುತ್ತದೆ.

ಗರಿಗರಿಯ ಗುಟ್ಟು ಇರುವುದು ಒಣಗಿಸುವುದರಲ್ಲಿ. ಚರ್ಮದ ಮೇಲಿನ ನೀರು ಆರುವವರೆಗೆ ಅದು ಹಬೆಯಲ್ಲಿ ಬೇಯುತ್ತಿರುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಐದು ನಿಮಿಷ ಸಾಕು: ಕಿಲೋ ವಿಂಗ್ಸನ್ನು ಟಿಶ್ಯೂವಿನಲ್ಲಿ ಒತ್ತಿ ಒರೆಸಿ, ಮಟ್ಟಸವಾಗಿ ಎರಡು ಟೀ ಚಮಚ ಬೇಕಿಂಗ್ ಪೌಡರ್, ಒಂದೂವರೆ ಟೀ ಚಮಚ ಪುಡಿ ಉಪ್ಪು, ಅರ್ಧ ಚಮಚ ಕಾಳುಮೆಣಸಿನ ಪುಡಿ ಸವರಿ, ಅಗಲ ತಟ್ಟೆಯಲ್ಲಿ ಹರಡಿ ಫ್ರಿಜ್‌ನ ಕೆಳಗಿನ ತಟ್ಟಿನಲ್ಲಿಡಿ. ಮೇಲೆ ಮುಚ್ಚಳ ಬಿಗಿಯಬೇಡಿ. ಬೇಕಿಂಗ್ ಪೌಡರ್ ಚರ್ಮದ ಹುಳಿಯ ಅಂಶ ತಗ್ಗಿಸಿ ಬೇಗ ಕೆಂಪಾಗಿಸುತ್ತದೆ, ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಅದೇ ಕೆಲಸಕ್ಕೆ ಅಷ್ಟೇ ಅಡುಗೆ ಸೋಡಾ ಹಾಕಿದರೆ ಸೋಪಿನ ರುಚಿ ಬಂದು ಇಡೀ ಕಿಲೋ ಹಾಳು. ಬೇಕಿಂಗ್ ಪೌಡರಿನಲ್ಲೂ ಉಪ್ಪಿನಂಶ ಇರುವುದರಿಂದ ಉಪ್ಪಿಗೆ ಕೈ ಹಿಡಿದಿರಲಿ.

ರಾತ್ರಿ ಬುಟ್ಟಿಗೆ ಒಂದು ಚಮಚ ಎಣ್ಣೆ ಸವರಿ, 3 ನಿಮಿಷ ಖಾಲಿ ಕಾಯಿಸಿ, ತುಂಡುಗಳ ನಡುವೆ ಬೆರಳಗಲ ಇಲ್ಲದಿದ್ದರೂ ಗಾಳಿ ಹೋಗುವಷ್ಟು ಸಂದು ಬಿಟ್ಟು ಜೋಡಿಸಿ. 180 ಡಿಗ್ರಿಯಲ್ಲಿ 12 ನಿಮಿಷ, ತಿರುಗಿಸಿ ಹಾಕಿ 200ರಲ್ಲಿ 10 ನಿಮಿಷ. ಮೊದಲ ಹಂತದಲ್ಲಿ ಕೊಬ್ಬು ಕರಗಿ ಇಳಿಯುತ್ತದೆ, ಎರಡನೆಯದರಲ್ಲಿ ಚರ್ಮ ಬಿಗಿಯುತ್ತದೆ. ಮೊದಲಿಗೇ 200 ಇಟ್ಟರೆ ಹೊರಗೆ ಬಣ್ಣ ಬರುತ್ತದೆ, ಚರ್ಮದಡಿ ಕೊಬ್ಬು ಮಾತ್ರ ಲೋಳೆಯಾಗಿ ಉಳಿದಿರುತ್ತದೆ. ಕೋಳಿ ಸುರಕ್ಷಿತವಾಗಿ ಬೇಯಲು ಒಳಗೆ 74 ಡಿಗ್ರಿ ಸಾಕು, ಆದರೆ ವಿಂಗ್ಸ್ ಮೂಳೆ ಬಿಟ್ಟು ಬರುವುದು 85ರ ಮೇಲೆ. ಎರಡನೇ ಒಬ್ಬೆ ಆದ ಮೇಲೆ ಎರಡನ್ನೂ ಒಟ್ಟಿಗೆ ಸುರಿದು 200ರಲ್ಲಿ 3 ನಿಮಿಷ; ಈ ಒಂದು ಸಲ ಪೇರಿಸಿದರೂ ತೊಂದರೆಯಿಲ್ಲ, ಬಿಸಿಯಾದರೆ ಸಾಕು.

ಮಸಾಲೆಯ ವಿಷಯದಲ್ಲಿ ಈ ಯಂತ್ರ ಹಟಮಾರಿ. ಮೊಸರು, ಮೆಣಸಿನ ಪೇಸ್ಟು ಸವರಿ ಇಟ್ಟರೆ ಮೊದಲ ಹತ್ತು ನಿಮಿಷ ನೀರು ಬಿಡುತ್ತದೆ, ಮುಂದಿನ ಹತ್ತು ನಿಮಿಷಕ್ಕೆ ಖಾರದ ಪುಡಿ ಕರಕಲು. ಬೆಲ್ಲ, ಜೇನು, ಟೊಮೆಟೊ ಸಾಸ್ ಇದ್ದರಂತೂ ಕೇಳುವುದೇ ಬೇಡ. ಕಬಾಬಿನ ಹಾಗೆ ಮೊಟ್ಟೆ, ಕಾರ್ನ್‌ಫ್ಲೋರ್ ಕಲಸಿ ಹಾಕಿದರೆ ಹಿಟ್ಟು ಜಾಲರಿಯ ತೂತಿನಲ್ಲಿ ಇಳಿದು ಅಂಟುತ್ತದೆ. ಕಬಾಬ್ ಬೇಕಿದ್ದರೆ ಬಾಣಲೆಯೇ ಗತಿ. ಅಮೆರಿಕದ ಬಫಲೋ ಊರಿನ ಆಂಕರ್ ಬಾರ್ 1964ರಲ್ಲಿ ಹೆಸರುಮಾಡಿಸಿದ ವಿಂಗ್ಸ್ ಕೂಡ ಮೊದಲು ಹಿಟ್ಟಿಲ್ಲದೆ ಕರಿದು, ಆಮೇಲೆ ಬೆಣ್ಣೆ ಬೆರೆತ ಖಾರದ ಸಾಸಿನಲ್ಲಿ ಹೊರಳಿಸಿದ್ದು. ಆ ಕ್ರಮಕ್ಕೆ ನಮ್ಮ ಕುಂದಾಪುರದ ಘೀ ರೋಸ್ಟ್ ಮಸಾಲೆ ಹೇಳಿ ಮಾಡಿಸಿದಂತಿದೆ. ಹತ್ತು ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಸಿ, ಹುರಿದ ಕೊತ್ತಂಬರಿ ಒಂದು ಚಮಚ, ಜೀರಿಗೆ ಅರ್ಧ, ಕಾಳುಮೆಣಸು ಅರ್ಧ, ಆರು ಎಸಳು ಬೆಳ್ಳುಳ್ಳಿ, ಗೋಲಿ ಗಾತ್ರದ ಹುಣಸೆಹಣ್ಣಿನ ಜೊತೆ ನುಣ್ಣಗೆ ರುಬ್ಬಿ. ಮೂರು ದೊಡ್ಡ ಚಮಚ ತುಪ್ಪದಲ್ಲಿ, ಸಣ್ಣ ಉರಿಯಲ್ಲಿ, ತುಪ್ಪ ಬಿಟ್ಟುಕೊಳ್ಳುವವರೆಗೆ ಹುರಿದು, ಚೂರು ಬೆಲ್ಲ, ಚಿಟಿಕೆ ಉಪ್ಪು ಹಾಕಿ. ಭಾನುವಾರ ಮಾಡಿ ಫ್ರಿಜ್‌ನಲ್ಲಿಟ್ಟರೆ ಬುಧವಾರಕ್ಕೆ ಬಿಸಿಮಾಡಿದರಾಯಿತು. ಬಡಿಸುವ ಹೊತ್ತಿಗೆ ಹೊರಳಿಸಿ, ಮುಂಚೆ ಬೇಡ. ಹತ್ತು ನಿಮಿಷ ಕಳೆದರೆ ಚರ್ಮ ಮೆತ್ತಗಾಗುತ್ತದೆ. ಮಕ್ಕಳ ಪಾಲನ್ನು ಖಾರವಿಲ್ಲದೆ ಮೊದಲೇ ತೆಗೆದಿಡಬಹುದು, ಇದೂ ಒಂದು ಅನುಕೂಲ.

ಮನೆಯಲ್ಲಿ ಆಗಲೇ 28–30 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಒಲೆ) ಇದ್ದರೆ ವಿಂಗ್ಸ್‌ಗಾಗಿ ಏರ್ ಫ್ರೈಯರ್ ಕೊಳ್ಳಬೇಡಿ. ತಂತಿಜಾಲರಿ, ಅದರ ಕೆಳಗೆ ಟ್ರೇ ಇಟ್ಟು 220ರಲ್ಲಿ 45 ನಿಮಿಷ, ಕಾಯಿಸಲು 10. ಕಿಲೋ ಒಂದೇ ಸಲಕ್ಕೆ ಆಗುತ್ತದೆ. ಏರ್ ಫ್ರೈಯರಿನ ಎರಡು ಒಬ್ಬೆಗೂ ಒಟ್ಟು 50 ನಿಮಿಷ ಬೇಕೇ ಬೇಕು. ಇದರ ಲಾಭ ಇರುವುದು ಅಡುಗೆಮನೆ ಕಾಯದಿರುವುದರಲ್ಲಿ, ಮೊದಲ ಒಬ್ಬೆ 25 ನಿಮಿಷಕ್ಕೇ ತಟ್ಟೆಗೆ ಬರುವುದರಲ್ಲಿ, ಮತ್ತು ಇಬ್ಬರೇ ಇರುವ ದಿನ.

ತಕರಾರುಗಳೂ ಇವೆ. 200 ಡಿಗ್ರಿಯಲ್ಲಿ ಕೆಳಗೆ ಬಿದ್ದ ಕೊಬ್ಬು ಹೊಗೆಯಾಡುತ್ತದೆ. ಬುಟ್ಟಿಯಡಿಯ ಪಾತ್ರೆಗೆ ಎರಡು ಮೂರು ಚಮಚ ನೀರು ಹಾಕಿ, ಒಬ್ಬೆಗಳ ನಡುವೆ ಕೊಬ್ಬು ಬಸಿದುಬಿಡಿ. ತೊಳೆಯುವ ಕೆಲಸ ತಪ್ಪಲೆಂದು ತಳಕ್ಕೆ ಫಾಯಿಲ್ ಹಾಸಿದರೆ ಗಾಳಿಯ ದಾರಿಯೇ ಕಟ್ಟಿತು. ಖಾಲಿ ಕಾಯಿಸುವಾಗ ಬಟರ್ ಪೇಪರ್ ಇಟ್ಟರೆ ಹಾರಿ ಮೇಲಿನ ಕಾಯಿಲ್‌ಗೆ ಅಂಟಿ ಹೊತ್ತೀತು. 1500 ವಾಟ್ ಎಂದರೆ 230 ವೋಲ್ಟಿಗೆ ಆರೂವರೆ ಆಂಪಿಯರ್. ಅದನ್ನು 6 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ, ಮಿಕ್ಸಿಯ ಪಕ್ಕದಲ್ಲಿ ಚುಚ್ಚಿದರೆ ಪಿನ್ನು ಕಾದು ಪ್ಲಾಸ್ಟಿಕ್ ಕಂದುತ್ತದೆ. ಗೀಸರಿಗೆ ಇರುವಂಥ 16 ಆಂಪಿಯರಿನ ಸಾಕೆಟ್ ಅಡುಗೆಕಟ್ಟೆಯ ಬಳಿ ಇದೆಯೇ ಎಂದು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.